ತಿಂದ ಬೆಲ್ಲ ಎಲ್ಲಿಗೆ ಹೋಗುತ್ತದೆ? ಮೂರನೆಯ ತರಗತಿಯ ಮಗಳಿಗೆ ಉತ್ತರ ಬೇಕಾಗಿದೆ

ಪ್ರಶ್ನೆ ಕೇಳಿದವರು: ಎಳ್ಳುಬೆಲ್ಲ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಗೆ ಪಾಂಡವಪುರದ ಬಳಿ ಇರುವ ನನ್ನ ತವರಿಗೆ ಹೋಗಿದ್ದಾಗ, ಮೂರನೆಯ ತರಗತಿಯಲ್ಲಿ ಓದುವ ಮಗಳು ಮೊದಲ ಬಾರಿಗೆ ಆಲೆಮನೆಯನ್ನು ನೋಡಿದಳು. ಗಾಣದ ಬಾಯಿಗೆ ಕಬ್ಬು ಕೊಡುವುದರಿಂದ ಹಿಡಿದು ಅಚ್ಚಿನಿಂದ ಬೆಲ್ಲ ಕಳಚುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಮೆತ್ತಿಸಿಕೊಂಡು ತಿಂದದ್ದೂ ಆಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರಶ್ನೆಗಳ ಸುಗ್ಗಿ ನಡೆದಿದೆ.

ಅವಳ ಮೊದಲ ಎರಡು ಪ್ರಶ್ನೆಗಳು ಆಲೆಮನೆಯವು. ಹಸಿರು ಬೆರೆತ ಮಬ್ಬು ಬಣ್ಣದ ಕಬ್ಬಿನ ಹಾಲು ಕಂದು ಬಣ್ಣದ ಬೆಲ್ಲವಾಗುವುದು ಹೇಗೆ, ಮತ್ತು ಗೋಡೆಗೆ ಬಳಿಯುವ ಸುಣ್ಣವನ್ನು ತಿನ್ನುವ ಪದಾರ್ಥಕ್ಕೆ ಹಾಕುವುದೇಕೆ ಎಂದು ಕೇಳುತ್ತಾಳೆ. ನನ್ನನ್ನು ನಿಜವಾಗಿ ಇಕ್ಕಟ್ಟಿಗೆ ಸಿಕ್ಕಿಸಿದ್ದು ಮೂರನೆಯ ಪ್ರಶ್ನೆ: "ನಾನು ತಿಂದ ಬೆಲ್ಲ ಈಗ ಎಲ್ಲಿದೆ?" ಏಳನೆಯ ತರಗತಿಯಲ್ಲಿರುವ ಅವಳ ಅಣ್ಣ, ತಿಂದದ್ದೆಲ್ಲ ಬೆಳಗ್ಗೆ ಕಕ್ಕಸಿಗೆ ಹೋಗುತ್ತದೆ, ಅದರಲ್ಲಿ ಕೇಳುವುದೇನಿದೆ ಎಂದು ತೀರ್ಪು ಕೊಟ್ಟ. ಅಜ್ಜಿ, ಅದು ರಕ್ತವಾಗುತ್ತದೆ ಎಂದರು. ಇವಳು ಇಬ್ಬರನ್ನೂ ಒಪ್ಪಲಿಲ್ಲ. ತಿಂದದ್ದೆಲ್ಲ ರಕ್ತವಾದರೆ ರಕ್ತ ದಿನದಿನವೂ ಹೆಚ್ಚುತ್ತಾ ಹೋಗಬೇಕಲ್ಲವೇ, ಹೋಗಲಿ ಮೈಯಲ್ಲೇ ಉಳಿಯುತ್ತದೆ ಎಂದರೆ ನನ್ನ ತೂಕ ಕಳೆದ ವಾರದಷ್ಟೇ ಇದೆಯಲ್ಲ ಎನ್ನುವುದು ಅವಳ ವಾದ.

ನಾನು ವಾಣಿಜ್ಯ ಓದಿದವಳು. ಜಮಾ ಮತ್ತು ಖರ್ಚು ತಾಳೆಯಾಗಬೇಕು ಎಂಬ ಅವಳ ವಾದ ನನಗೆ ಸರಿಯೆನಿಸುತ್ತದೆ, ಆದರೆ ಖರ್ಚಿನ ಬಾಬತ್ತು ಯಾವುದೆಂದು ನನಗೂ ತಿಳಿಯದು. ಎಂಟು ವರ್ಷದ ಮಗುವಿಗೆ ಅರ್ಥವಾಗುವಂತೆ, ಆದರೆ ನಾಳೆ ದೊಡ್ಡ ತರಗತಿಗೆ ಹೋದಾಗ ಸುಳ್ಳು ಎನಿಸದಂತೆ ಹೇಳುವುದು ಹೇಗೆ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ಕೊಪ್ಪರಿಗೆ

ಅಕ್ಕ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಆಲೆಮನೆ ಇದೆ. ಆದ್ದರಿಂದ ಮೊದಲ ಎರಡು ಪ್ರಶ್ನೆಗಳನ್ನು ನಾನು ತೆಗೆದುಕೊಳ್ಳುತ್ತೇನೆ; ಹೊಟ್ಟೆಯೊಳಗಿನ ಆಲೆಮನೆಯ ವಿಷಯವನ್ನು ಬಲ್ಲವರು ಹೇಳಲಿ.

ಮಗುವಿಗೆ ಮೊದಲು ತಿಳಿಸಬೇಕಾದದ್ದು, ಬೆಲ್ಲವನ್ನು ನಾವು ತಯಾರಿಸುವುದಿಲ್ಲ ಎನ್ನುವುದು. ಅದನ್ನು ತಯಾರಿಸುವುದು ಕಬ್ಬಿನ ಎಲೆ. ಹತ್ತು ಹನ್ನೆರಡು ತಿಂಗಳು ಗದ್ದೆಯಲ್ಲಿ ನಿಂತು ಕಬ್ಬು ತನ್ನ ಜಲ್ಲೆಯೊಳಗೆ ಕೂಡಿಟ್ಟ ಸಕ್ಕರೆಯಿಂದ ನೀರನ್ನು ಬೇರ್ಪಡಿಸುವುದಷ್ಟೇ ನಮ್ಮ ಕೆಲಸ. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಟನ್ ಕಬ್ಬನ್ನು ಅರೆದರೆ ಸುಮಾರು 600 ಕೆಜಿ ಹಾಲು ಇಳಿಯುತ್ತದೆ, ಅದರಿಂದ ಆಗುವ ಬೆಲ್ಲ ಸುಮಾರು 100 ಕೆಜಿ. ಉಳಿದ 500 ಕೆಜಿಯಲ್ಲಿ ಮಡ್ಡಿಯೆಂದು ತೆಗೆದುಹಾಕುವ ಸ್ವಲ್ಪವನ್ನು ಬಿಟ್ಟರೆ ಮಿಕ್ಕದ್ದೆಲ್ಲ ಆವಿಯಾಗಿ ಹೋಗುವ ನೀರು. ಆಲೆಮನೆಯ ಮೇಲೆ ಸದಾ ಏಳುವ ಬಿಳಿ ಮೋಡವನ್ನು ಮಗಳು ನೋಡಿರುತ್ತಾಳೆ. ಕಬ್ಬು ಕಾಲುವೆಯಿಂದ ಕುಡಿದ ನೀರೇ ಅದು.

ಇನ್ನು ಸುಣ್ಣದ ಮಾತು. ಕಬ್ಬಿನ ಸಕ್ಕರೆಯ ಹೆಸರು ಸುಕ್ರೋಸ್. ಅದರ ಒಂದೊಂದು ಕಣವೂ ಒಂದು ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಇರುತ್ತದೆ: ಒಂದು ಕಡೆ ಗ್ಲೂಕೋಸ್, ಇನ್ನೊಂದು ಕಡೆ ಫ್ರಕ್ಟೋಸ್. ನೊಗ ಗಟ್ಟಿಯಾಗಿ ಉಳಿದರೆ ಕಣಗಳು ಸಾಲಾಗಿ ಜೋಡಣೆಗೊಂಡು ಹರಳು ಕಟ್ಟುತ್ತವೆ, ಬೆಲ್ಲ ಗಟ್ಟಿಯಾಗುತ್ತದೆ. ನೊಗ ಮುರಿದು ಎತ್ತುಗಳು ಬೇರೆಬೇರೆಯಾದರೆ ಹರಳು ಕಟ್ಟುವುದಿಲ್ಲ, ಬೆಲ್ಲ ಅಂಟಂಟಾಗಿ ಮಳೆಗಾಲದಲ್ಲಿ ನೀರು ಬಿಡುತ್ತದೆ. ಈ ನೊಗವನ್ನು ಮುರಿಯುವ ಶತ್ರುಗಳು ಎರಡು, ತಡ ಮತ್ತು ಹುಳಿ. ಕಡಿದ ಕಬ್ಬು ಬಿಸಿಲಿನಲ್ಲಿ ಬಿದ್ದಿದ್ದರೆ ಅದರೊಳಗಿನ ಕಿಣ್ವಗಳೇ ಸುಕ್ರೋಸನ್ನು ಒಡೆಯತೊಡಗುತ್ತವೆ. ಆದ ಕಾರಣ ಕಡಿದ ಕಬ್ಬನ್ನು ಅಂದೇ, ತಪ್ಪಿದರೆ ಮರುದಿನದೊಳಗೆ ಗಾಣಕ್ಕೆ ಕೊಡಬೇಕು. ಕಬ್ಬಿನ ಹಾಲಿಗೆ ಸ್ವಭಾವತಃ ಸ್ವಲ್ಪ ಹುಳಿಗುಣ ಇದ್ದು, ಆ ಹುಳಿಯ ಜೊತೆಗೆ ಕೊಪ್ಪರಿಗೆಯ ಕಾವೂ ಸೇರಿದರೆ ಒಡೆಯುವುದು ಇನ್ನಷ್ಟು ಚುರುಕಾಗುತ್ತದೆ. ಸುಣ್ಣದ ತಿಳಿ ಆ ಹುಳಿಯನ್ನು ತಗ್ಗಿಸುತ್ತದೆ. ಅಷ್ಟೇ ಅಲ್ಲದೆ, ಹಾಲಿನಲ್ಲಿರುವ ಫಾಸ್ಫೇಟಿನೊಡನೆ ಸೇರಿ ಒಂದು ಬಗೆಯ ಗಸಿಯನ್ನು ಕಟ್ಟಿಕೊಂಡು, ಕಣ್ಣಿಗೆ ಕಾಣದ ಕೊಳೆಯನ್ನೂ ಅದರೊಳಗೆ ಹಿಡಿಯುತ್ತದೆ. ಬೆಂಡೆಗಿಡದ ಕಾಂಡವನ್ನು ಜಜ್ಜಿ ತೆಗೆದ ಲೋಳೆಯನ್ನು ಹಾಕುವುದೂ ಈ ಕೊಳೆಯನ್ನು ಒಟ್ಟುಗೂಡಿಸಿ ನೊರೆಯ ಜೊತೆ ಮೇಲಕ್ಕೆ ತರುವುದಕ್ಕಾಗಿಯೇ. ಸುಣ್ಣ ಅಳತೆ ಮೀರಿದರೆ ಬೆಲ್ಲ ಕಪ್ಪಾಗಿ ರುಚಿಯೂ ಕೆಡುತ್ತದೆ. ಎಷ್ಟು ಹಾಕಬೇಕು ಎಂಬುದರಲ್ಲಿ ನಮ್ಮ ತಂದೆಯವರು ಇಂದಿಗೂ ನನ್ನ ಕೈಯನ್ನು ನಂಬುವುದಿಲ್ಲ.

ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವ ಹಾಗೆಯೇ ಅರೆದ ಕಬ್ಬಿನ ಹಾಲೂ ಗಾಳಿ ತಾಗಿದೊಡನೆ ಮಬ್ಬಾಗುತ್ತದೆ. ಆಮೇಲೆ ಕೊಪ್ಪರಿಗೆಯಲ್ಲಿ ಹಸಿರಿನ ಅಂಶ ಸ್ವಲ್ಪ ನಾಶವಾಗಿ, ಸ್ವಲ್ಪ ಮಡ್ಡಿಯ ಜೊತೆ ಹೊರಗೆ ಹೋಗುತ್ತದೆ. ಕೊನೆಯ ಹಂತದಲ್ಲಿ ಸಕ್ಕರೆಯು ಹಾಲಿನಲ್ಲಿರುವ ಅಮೈನೋ ಆಮ್ಲಗಳೊಡನೆ ಕಾವಿನಲ್ಲಿ ಬೆರೆತು ಕಂದು ಬಣ್ಣವನ್ನೂ ಆ ವಿಶಿಷ್ಟ ಪರಿಮಳವನ್ನೂ ಕೊಡುತ್ತದೆ. ಈರುಳ್ಳಿ ಹುರಿದಾಗ ಅಥವಾ ರೊಟ್ಟಿ ಕಾವಲಿಯ ಮೇಲೆ ಕೆಂಪಾದಾಗ ನಡೆಯುವುದೂ ಇದೇ ಬಗೆಯ ಕ್ರಿಯೆ. ಹೊಂಬಣ್ಣದ ಬೆಲ್ಲಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚು ಎಂಬ ಕಾರಣಕ್ಕೆ ಹೈಡ್ರೋಸ್ ಎಂಬ ಬಿಳುಪುಕಾರಕ ಪುಡಿಯನ್ನು ಹಾಕುವ ಅಭ್ಯಾಸವೂ ಉಂಟು. ಒಂದು ಕಾಲದಲ್ಲಿ ನಮ್ಮಲ್ಲಿಯೂ ಹಾಕಿದ್ದೇವೆ, ಈಗ ಬಿಟ್ಟಿದ್ದೇವೆ.

ನೀರು ಕಡಿಮೆಯಾದಂತೆಲ್ಲ ಪಾಕದ ಕುದಿಯುವ ಕಾವು ಏರುತ್ತಾ ಹೋಗುತ್ತದೆ. ಬರಿಯ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಅಚ್ಚು ಬೆಲ್ಲದ ಪಾಕವನ್ನು ಇಳಿಸುವ ಹೊತ್ತಿಗೆ ಅದು ಸುಮಾರು 118 ಡಿಗ್ರಿ ಮುಟ್ಟಿರುತ್ತದೆ. ಮಲೆನಾಡಿನವರು ಜೋನಿ ಬೆಲ್ಲಕ್ಕೆ 105 ಡಿಗ್ರಿಯ ಆಸುಪಾಸಿನಲ್ಲೇ ಇಳಿಸಿಬಿಡುತ್ತಾರೆ, ಅದರಲ್ಲಿ ನೀರು ಹೆಚ್ಚು ಉಳಿಯುವುದರಿಂದ ಅದು ಜೇನಿನಂತೆ ಹರಿಯುತ್ತದೆ. ನಮ್ಮ ತಂದೆ ಥರ್ಮಾಮೀಟರು ಬಳಸಿದವರಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಕಟ್ಟಿ ನೋಡುತ್ತಾರೆ.

ಒಲೆಗೆ ಹಾಕುವುದು ಅದೇ ಕಬ್ಬಿನ ಒಣಗಿದ ಸಿಪ್ಪೆ, ನಮ್ಮ ಕಡೆ ರಚ್ಚು ಎನ್ನುವುದು. ಹೊರಗಿನಿಂದ ಸೌದೆ ತರುವುದು ಅಪರೂಪ.

ಉತ್ತರ: ಶರೀರಪಾಠ

ಕೊಪ್ಪರಿಗೆಯವರು ಜೋಡೆತ್ತಿನ ಹೋಲಿಕೆಯನ್ನು ಕೊಟ್ಟು ನನ್ನ ಕೆಲಸವನ್ನು ಅರ್ಧಕ್ಕೆ ಇಳಿಸಿದ್ದಾರೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಹಲವು ವರ್ಷ ಅಂಗಕ್ರಿಯಾ ವಿಜ್ಞಾನವನ್ನು ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. ಇಷ್ಟು ಚೊಕ್ಕ ಪ್ರಶ್ನೆಯನ್ನು ಅವರಲ್ಲಿ ಕೇಳಿದವರು ವಿರಳ.

ಬಾಯಿಯಿಂದ ಆರಂಭಿಸೋಣ. ಬೆಲ್ಲವು ಎಂಜಲಿನಲ್ಲಿ ಕರಗಿ, ನಾಲಗೆಯ ರುಚಿಮೊಗ್ಗುಗಳೊಳಗಿನ ಕೋಶಗಳನ್ನು ಮುಟ್ಟಿದಾಗ ಸಿಹಿ ಎಂಬ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಸಿಹಿ ನಾಲಗೆಯ ತುದಿಗೆ ಮಾತ್ರ, ಕಹಿ ಹಿಂಭಾಗಕ್ಕೆ ಮಾತ್ರ ಎಂದು ತೋರಿಸುವ ಚಿತ್ರ ನಿಮ್ಮ ಮಗನ ಯಾವುದಾದರೂ ಪುಸ್ತಕದಲ್ಲಿ ಇದ್ದರೆ ಅದನ್ನು ನಂಬಬೇಡಿ. 1901ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾಗದಿಂದ ಭಾಗಕ್ಕೆ ಅತಿ ಸಣ್ಣ ವ್ಯತ್ಯಾಸ ಇದೆಯೆಂದು ಮಾತ್ರ ಹೇಳಿತ್ತು. ಅದನ್ನು ಮುಂದೆ ತಪ್ಪಾಗಿ ಗ್ರಹಿಸಿದ್ದರಿಂದ ಹುಟ್ಟಿದ ನಕ್ಷೆ ಅದು. ಮಗಳು ನಾಲಗೆಯ ಬದಿಗೆ ಚೂರು ಬೆಲ್ಲವನ್ನು ಒತ್ತಿಕೊಂಡು ತಾನೇ ಪರೀಕ್ಷಿಸಬಹುದು.

ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅನ್ನ, ರಾಗಿಗಳ ಪಿಷ್ಟವನ್ನು ಒಡೆಯಬಲ್ಲದು, ಆದರೆ ಸುಕ್ರೋಸಿನ ನೊಗವನ್ನು ಮುಟ್ಟಲಾರದು. ಜಠರದಲ್ಲಿಯೂ ಹೆಚ್ಚಿನದೇನೂ ನಡೆಯುವುದಿಲ್ಲ. ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ, ಅದೂ ಅದರ ಒಳಗೋಡೆಯ ಮೇಲೆಯೇ. ಆ ಗೋಡೆ ನುಣುಪಾಗಿರದೆ ಟರ್ಕಿ ಟವೆಲಿನ ಎಳೆಗಳಂತೆ ಲಕ್ಷಾಂತರ ಸೂಕ್ಷ್ಮ ಕುಚ್ಚುಗಳಿಂದ ತುಂಬಿರುತ್ತದೆ, ಅವುಗಳ ಮೇಲಿನ ಕೋಶಗಳಲ್ಲಿ ಸುಕ್ರೇಸ್ ಎಂಬ ಕಿಣ್ವವು ಕತ್ತರಿಯಂತೆ ಕಾದು ಕುಳಿತಿರುತ್ತದೆ. ಬೆಲ್ಲದ ಕಣ ಬಂದೊಡನೆ ನೊಗ ತುಂಡಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಬೇರೆಯಾಗುತ್ತವೆ. ಆಲೆಮನೆಯವರು ಅಂದೇ ಅರೆದು, ಸುಣ್ಣ ಹಾಕಿ, ಹದ ಕಾದು ಯಾವುದನ್ನು ತಡೆಯಲು ಇಷ್ಟೆಲ್ಲ ಪಾಡು ಪಡುತ್ತಾರೋ ಅದನ್ನೇ ಕರುಳು ಸದ್ದಿಲ್ಲದೆ ಮಾಡಿಬಿಡುತ್ತದೆ. ಜೋಡಿಯಾಗಿರುವ ಸಕ್ಕರೆಯನ್ನು ಕೂಡಿಡಲು ಸುಲಭ, ಆದರೆ ಕರುಳಿನ ಬಾಗಿಲು ಒಂಟಿ ಎತ್ತಿನಷ್ಟೇ ಅಗಲ.

ಈ ಬಾಗಿಲಿಗೆ ಇನ್ನೊಂದು ವಿಚಿತ್ರ ನಿಯಮವಿದೆ. ಗ್ಲೂಕೋಸ್ ಒಳಗೆ ಬರಬೇಕಾದರೆ ಉಪ್ಪಿನಲ್ಲಿರುವ ಸೋಡಿಯಂ ಅದರ ಕೈ ಹಿಡಿದುಕೊಂಡು ಬರಬೇಕು, ಅವೆರಡೂ ಬಂದಾಗ ನೀರೂ ಹಿಂಬಾಲಿಸುತ್ತದೆ. ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ 1960ರಲ್ಲಿ ಇದನ್ನು ಮೊದಲು ಮುಂದಿಟ್ಟರು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿ, ನರಕ್ಕೆ ಏರಿಸುವ ದ್ರವ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್ ಮತ್ತು ಉಪ್ಪುಗಳನ್ನು ನೀರಿನಲ್ಲಿ ಕಲಸಿ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಭೇದಿಯಾದಾಗ ನಾವು ಕೊಡುವ ಓಆರ್‌ಎಸ್ ಪೊಟ್ಟಣ ಅದೇ ತತ್ತ್ವದ್ದು. ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸವಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಅಳತೆಯನ್ನು ತಾಯಂದಿರು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಕೈಯಳತೆಯಲ್ಲಿ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಈಗ ಅಜ್ಜಿಯ ಮಾತಿಗೆ ಬರೋಣ. ಒಳಗೆ ಬಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಜ, ಆದರೆ ಅದು ರಕ್ತವಾಗುವುದಿಲ್ಲ. ರಕ್ತ ಬಂಡಿದಾರಿಯೇ ಹೊರತು ಕಣಜವಲ್ಲ. ಕರುಳಿನಿಂದ ಹೊರಟ ರಕ್ತ ಮೊದಲು ಯಕೃತ್ತಿಗೆ ಹೋಗುತ್ತದೆ, ಫ್ರಕ್ಟೋಸಿನ ಬಹುಪಾಲಿನ ವಿಲೇವಾರಿ ಅಲ್ಲಿಯೇ. ಎಂಟು ವರ್ಷದ ಮಗುವಿನ ಮೈಯಲ್ಲಿ ಸುಮಾರು 2 ಲೀಟರ್ ರಕ್ತವಿದ್ದರೆ, ಉಪವಾಸದ ಹೊತ್ತಿನಲ್ಲಿ ಅಷ್ಟೂ ರಕ್ತದಲ್ಲಿ ಇರುವ ಗ್ಲೂಕೋಸ್ ಹೆಚ್ಚೆಂದರೆ 2 ಗ್ರಾಂ, ಅರ್ಧ ಟೀ ಚಮಚಕ್ಕಿಂತ ಹೆಚ್ಚಲ್ಲ. ಒಂದು ಹಿಡಿ ಎಳ್ಳುಬೆಲ್ಲ ತಿಂದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಕ್ಕರೆ ಒಳಗೆ ಬರುತ್ತದೆ. ಹೀಗೆ ಬಂದದ್ದು ರಕ್ತದಲ್ಲೇ ನಿಂತರೆ ಕೆಡುಕು. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಅನ್ನು ಬಿಡುಗಡೆ ಮಾಡಿ, ಸ್ನಾಯುಗಳಿಗೂ ಯಕೃತ್ತಿಗೂ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವಂತೆ ಸೂಚಿಸುತ್ತದೆ. ಕೂಡಲೇ ಬೇಡವಾದದ್ದನ್ನು ಅವು ಗ್ಲೈಕೋಜನ್ ಎಂಬ ರೂಪದಲ್ಲಿ ಹೆಣೆದು ಇಟ್ಟುಕೊಳ್ಳುತ್ತವೆ. ಬೆಳೆದವರ ಯಕೃತ್ತಿನಲ್ಲಿ ಇಂಥ ದಾಸ್ತಾನು ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ರಾತ್ರಿ ನಾವು ಏನನ್ನೂ ತಿನ್ನದೆ ಮಲಗಿದ್ದರೂ ಮಿದುಳಿಗೆ ಸಕ್ಕರೆ ಸಿಗುವುದು ಯಕೃತ್ತು ಈ ಗಂಟನ್ನು ಸ್ವಲ್ಪಸ್ವಲ್ಪವೇ ಬಿಚ್ಚುತ್ತಾ ಇರುವುದರಿಂದ. ಉಗ್ರಾಣಗಳು ತುಂಬಿದ ಮೇಲೂ ತಿನ್ನುತ್ತಲೇ ಇದ್ದರೆ ಮಿಕ್ಕದ್ದು ಕೊಬ್ಬಾಗುತ್ತದೆ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ.

ಇಷ್ಟಾದರೂ ಮಗಳ ಲೆಕ್ಕ ತಾಳೆಯಾಗಲಿಲ್ಲ, ಏಕೆಂದರೆ ಖರ್ಚು ಇನ್ನೂ ಬಂದಿಲ್ಲ. ಅದು ನಡೆಯುವುದು ಒಂದೊಂದು ಜೀವಕೋಶದೊಳಗೆ, ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಲ್ಲಿ. ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕದೊಡನೆ ಸಕ್ಕರೆ ಸೇರಿ, ಹಂತಹಂತವಾಗಿ ಉರಿದು, ಕೊನೆಗೆ ಎರಡೇ ಪದಾರ್ಥಗಳಾಗಿ ಉಳಿಯುತ್ತದೆ: ಇಂಗಾಲದ ಡೈಆಕ್ಸೈಡ್ ಮತ್ತು ನೀರು. ನಡುವೆ ಬಿಡುಗಡೆಯಾದ ಶಕ್ತಿಯಿಂದ ನಾವು ಓಡುತ್ತೇವೆ, ಯೋಚಿಸುತ್ತೇವೆ, ಮೈ ಬೆಚ್ಚಗಿರುತ್ತದೆ. 10 ಗ್ರಾಂ ಸುಕ್ರೋಸ್ ಪೂರ್ತಿಯಾಗಿ ಉರಿಯಲು ಸುಮಾರು 11.2 ಗ್ರಾಂ ಆಮ್ಲಜನಕ ಬೇಕು. ಆಗ ಸುಮಾರು 15.4 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 5.8 ಗ್ರಾಂ ನೀರು ಹುಟ್ಟುತ್ತವೆ. ಎರಡೂ ಕಡೆ ಕೂಡಿ ನೋಡಿ, ವಾಣಿಜ್ಯ ಓದಿದವರಿಗೆ ಸಮಾಧಾನವಾಗುತ್ತದೆ. ನೀರು ಮೈಯ ನೀರಿನೊಡನೆ ಬೆರೆಯುತ್ತದೆ, ಇಂಗಾಲದ ಡೈಆಕ್ಸೈಡ್ ರಕ್ತದ ಮೂಲಕವೇ ಶ್ವಾಸಕೋಶಕ್ಕೆ ಬಂದು ಮೂಗಿನಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಮಗಳ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬೇಕೆಂದರೆ, "ನೀನು ತಿಂದ ಬೆಲ್ಲದಲ್ಲಿ ಬಹುಪಾಲನ್ನು ನೀನು ಉಸಿರಾಗಿ ಬಿಟ್ಟಿದ್ದೀಯೆ" ಎನ್ನಬಹುದು.

ಇದನ್ನು ಉರಿ ಎಂದು ಕರೆಯುವುದು ಬರಿಯ ಅಲಂಕಾರವಲ್ಲ. ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಅವರು 1780ರ ದಶಕದ ಆರಂಭದಲ್ಲಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಕೂರಿಸಿ, ಅದರ ಮೈಕಾವಿಗೆ ಎಷ್ಟು ಮಂಜು ಕರಗಿತೆಂದು ಅಳೆದರು. ಅದು ಬಿಟ್ಟ ಗಾಳಿಯನ್ನು ಉರಿಯುವ ಇದ್ದಿಲಿನ ಗಾಳಿಯೊಡನೆ ಹೋಲಿಸಿ, ಉಸಿರಾಟವೆಂದರೆ ನಿಧಾನವಾಗಿ ನಡೆಯುವ ದಹನ ಎಂಬ ತೀರ್ಮಾನಕ್ಕೆ ಬಂದರು. ಆಲೆಮನೆಯ ಒಲೆಯಲ್ಲಿ ರಚ್ಚು ಉರಿಯುವುದಕ್ಕೂ ನಮ್ಮೊಳಗೆ ಬೆಲ್ಲ ಉರಿಯುವುದಕ್ಕೂ ಆರಂಭದ ವಸ್ತು ಮತ್ತು ಅಂತ್ಯದ ವಸ್ತುಗಳಲ್ಲಿ ಹೆಚ್ಚಿನ ಭೇದವಿಲ್ಲ. ರಚ್ಚಿನಲ್ಲಿರುವ ಸೆಲ್ಯುಲೋಸ್ ಸಹ ಗ್ಲೂಕೋಸಿನ ಸರಪಣಿಯೇ. ಆದರೆ ಆ ಸರಪಣಿಯನ್ನು ಕತ್ತರಿಸುವ ಕಿಣ್ವ ನಮ್ಮ ಕರುಳಿನಲ್ಲಿಲ್ಲದ ಕಾರಣ ನಾವು ಕಬ್ಬನ್ನು ಜಗಿದು ಸಿಪ್ಪೆಯನ್ನು ಉಗುಳುತ್ತೇವೆ; ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಅದು ಸಾಧ್ಯವಾದ್ದರಿಂದ ಕಬ್ಬಿನ ಸೋಗೆ ದನಕ್ಕೆ ಮೇವಾಗುತ್ತದೆ.

ಅಣ್ಣನಿಗೂ ಒಂದು ಮಾತು. ಬೆಳಗ್ಗೆ ಹೊರಗೆ ಹೋಗುವುದರಲ್ಲಿ ಮುಕ್ಕಾಲು ಪಾಲು ನೀರು. ಉಳಿದದ್ದು ಜೀರ್ಣವಾಗದ ನಾರು, ಕರುಳಿನ ಬ್ಯಾಕ್ಟೀರಿಯಾ, ಉದುರಿದ ಕೋಶಗಳು ಇತ್ಯಾದಿ. ಆರೋಗ್ಯವಂತ ಮಗುವಿನಲ್ಲಿ ಬೆಲ್ಲ ಅಷ್ಟು ದೂರ ಪ್ರಯಾಣ ಮಾಡುವುದೇ ಇಲ್ಲ.

ಪ್ರತಿಕ್ರಿಯೆ: ಹಳೆಯ ಬೇರು

ಇಷ್ಟೆಲ್ಲ ಬರೆದವರು ಬೆಲ್ಲಕ್ಕೂ ಸಕ್ಕರೆಗೂ ಇರುವ ವ್ಯತ್ಯಾಸವನ್ನು ಹೇಳದಿರುವುದು ಕೊರತೆಯೆನಿಸಿತು. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ, ಅದು ನಿಸರ್ಗದತ್ತವಾದದ್ದು. ನಮ್ಮ ಮನೆಯ ಹಿರಿಯರೊಬ್ಬರು ಮಧುಮೇಹ ಬಂದ ಮೇಲೆ ಸಕ್ಕರೆಯನ್ನು ಬಿಟ್ಟು ಬೆಲ್ಲದ ಕಾಫಿಯನ್ನೇ ಕುಡಿಯುತ್ತಿದ್ದಾರೆ. ಮಕ್ಕಳಿಗೆ ಇದನ್ನೂ ಕಲಿಸಬೇಕಲ್ಲವೇ?

ಉತ್ತರ: ಶರೀರಪಾಠ

ಕಲಿಸಬಹುದು, ಆದರೆ ಅಳತೆಯೊಡನೆ. ಬೆಲ್ಲದಲ್ಲಿ ಬಿಳಿ ಸಕ್ಕರೆಯಲ್ಲಿ ಇಲ್ಲದ ಖನಿಜಗಳು ಇರುವುದು ನಿಜ, ಅದರಲ್ಲಿನ ಕಬ್ಬಿಣದ ಪ್ರಮಾಣ ಆಲೆಮನೆಯಿಂದ ಆಲೆಮನೆಗೆ ಬಹಳ ಬದಲಾಗುತ್ತದೆ ಎನ್ನುವುದೂ ನಿಜ. ಆದರೆ ಅದರ ಬಹುಪಾಲು ಸುಕ್ರೋಸೇ. ಕರುಳಿನ ಕತ್ತರಿ ಕಣ ಬಂದದ್ದು ಬೆಲ್ಲದಿಂದಲೋ ಸಕ್ಕರೆಯಿಂದಲೋ ಎಂದು ವಿಚಾರಿಸುವುದಿಲ್ಲ. ನಿಮ್ಮ ಮನೆಯ ಹಿರಿಯರು ಬೆಲ್ಲದ ಕಾಫಿಯನ್ನು ಸಕ್ಕರೆಯ ಕಾಫಿಯೆಂದೇ ಎಣಿಸಿ ತಮ್ಮ ವೈದ್ಯರಿಗೆ ತಿಳಿಸುವುದು ಒಳಿತು. ಬಾಯಿಯ ಬ್ಯಾಕ್ಟೀರಿಯಾಗಳೂ ಎರಡನ್ನೂ ಒಂದೇ ಉತ್ಸಾಹದಿಂದ ಆಮ್ಲವಾಗಿಸಿ ಹಲ್ಲಿನ ಹೊರಪದರವನ್ನು ಕರಗಿಸುತ್ತವೆ. ಬೆಲ್ಲ ಹಲ್ಲಿಗೆ ಅಂಟುವ ಪದಾರ್ಥವಾದ್ದರಿಂದ, ತಿಂದ ಮೇಲೆ ಬಾಯಿ ಮುಕ್ಕಳಿಸುವುದನ್ನು ಕಲಿಸಿದರೆ ಹೆಚ್ಚು ಉಪಯೋಗ.

ಉತ್ತರ: ಸೀಮೆಸುಣ್ಣ

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಉಸಿರಾಗಿ ಹೋಯಿತು ಎಂದು ಹೇಳಿದರೆ ಅಷ್ಟು ಸುಲಭವಾಗಿ ಒಪ್ಪುವ ಮಗು ಇದಲ್ಲ ಎಂದು ಪ್ರಶ್ನೆಯಿಂದಲೇ ತಿಳಿಯುತ್ತದೆ, ಆದುದರಿಂದ ಕಣ್ಣಿಗೆ ಕಾಣಿಸುವ ದಾರಿಯೊಂದನ್ನು ಹೇಳುತ್ತೇನೆ. ಆಲೆಮನೆಯಲ್ಲಿ ಅವಳು ಕಂಡ ಸುಣ್ಣವೇ ಇದಕ್ಕೂ ಸಾಕು.

ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಅರ್ಧ ಟೀ ಚಮಚದಷ್ಟು ತೆಗೆದುಕೊಂಡು ಅರ್ಧ ಲೀಟರ್ ನೀರಿರುವ ಬಾಟಲಿಗೆ ಹಾಕಿ, ಚೆನ್ನಾಗಿ ಕುಲುಕಿ, ಮುಚ್ಚಳವನ್ನು ಭದ್ರವಾಗಿ ಹಾಕಿ ರಾತ್ರಿಯಿಡೀ ಇಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಅಲುಗಾಡಿಸದೆ ಎರಡು ಗಾಜಿನ ಲೋಟಗಳಿಗೆ ಬಗ್ಗಿಸಿ. ಒಂದು ಲೋಟದೊಳಗೆ ಸೈಕಲ್ ಪಂಪಿನಿಂದ ಹೊರಗಿನ ಗಾಳಿಯನ್ನು ಹಾಯಿಸಿ, ಇನ್ನೊಂದರೊಳಗೆ ಕೊಳವೆಯಿಂದ ಉಸಿರನ್ನು ಊದಲಿ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04ರಷ್ಟಿದ್ದರೆ ಬಿಡುವ ಉಸಿರಿನಲ್ಲಿ ಶೇ. 4ರಷ್ಟಿರುತ್ತದೆ, ಅಂದರೆ ಸುಮಾರು ನೂರು ಪಟ್ಟು. ಉಸಿರು ಹೋದ ಲೋಟ ಸ್ವಲ್ಪ ಹೊತ್ತಿನಲ್ಲೇ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ, ಪಂಪಿನ ಲೋಟದಲ್ಲಿ ಅಷ್ಟು ಬೇಗ ಏನೂ ಕಾಣುವುದಿಲ್ಲ. ಈ ನೀರು ಕಣ್ಣಿಗೆ ಸಿಡಿಯಬಾರದು, ಊದುವವರು ತಪ್ಪಿಯೂ ಹೀರಬಾರದು. ನೀವು ಪಕ್ಕದಲ್ಲೇ ನಿಂತು ಮಾಡಿಸಬೇಕು. ಸುಡುಸುಣ್ಣದ ಗಟ್ಟಿಯನ್ನು ತಂದು ಮನೆಯಲ್ಲಿ ಅರಳಿಸುವ ಸಾಹಸವಂತೂ ಬೇಡವೇ ಬೇಡ.

ಬೆಳ್ಳಗೆ ಕಾಣುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಕಪ್ಪೆಚಿಪ್ಪು, ಅಮೃತಶಿಲೆ ಮೊದಲಾದವೆಲ್ಲ ಅದೇ ಪದಾರ್ಥ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವಾಗ ಬೆಂಕಿಯು ಅದರಿಂದ ಯಾವ ಗಾಳಿಯನ್ನು ಹೊರಗಟ್ಟುತ್ತದೋ ಅದನ್ನೇ ಮಗು ತನ್ನ ಉಸಿರಿನಿಂದ ಅದಕ್ಕೆ ಹಿಂದಿರುಗಿಸುತ್ತದೆ.

ಅನ್ನದ ಪಿಷ್ಟದ ಬಗ್ಗೆ ಶರೀರಪಾಠದವರು ಹೇಳಿದ್ದನ್ನೂ ಪರೀಕ್ಷಿಸಬಹುದು: ಬರಿಯ ಅನ್ನವನ್ನು ನುಂಗದೆ ಎರಡು ಮೂರು ನಿಮಿಷ ಜಗಿಯುತ್ತಿದ್ದರೆ ಸಣ್ಣಗೆ ಸಿಹಿಯಾಗುತ್ತದೆ.

ಕೊಪ್ಪರಿಗೆಯವರು ಬೆಲ್ಲವನ್ನು ತಯಾರಿಸುವುದು ಎಲೆ ಎಂದರಲ್ಲ, ಅದಕ್ಕೆ ಒಂದು ಸೇರಿಕೆ. ಎಲೆ ಅದನ್ನು ತಯಾರಿಸುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ಬೇರಿನಿಂದ ಬಂದ ನೀರನ್ನು ಬಿಸಿಲಿನ ಬಲದಿಂದ ಜೋಡಿಸಿ. ಅಂದರೆ ನಮ್ಮ ಮೈಯಲ್ಲಿ ನಡೆಯುವುದರ ತಿರುಗುಮುರುಗು. ಈ ಕೆಲಸದಲ್ಲಿ ಕಬ್ಬು ಭತ್ತಕ್ಕಿಂತ ಚುರುಕು. ಕಬ್ಬಿನ ಎಲೆಯು ಮೊದಲ ಹೆಜ್ಜೆಯಲ್ಲಿ ನಾಲ್ಕು ಇಂಗಾಲದ ಸಂಯುಕ್ತವನ್ನು ಕಟ್ಟಿಕೊಳ್ಳುತ್ತದೆ ಎಂಬುದರ ಸುಳಿವು ಮೊದಲು ಸಿಕ್ಕಿದ್ದು ಹವಾಯಿಯ ಸಂಶೋಧಕರಿಗೆ. ಅದರ ದಾರಿಯನ್ನು 1966ರಲ್ಲಿ ಬಿಡಿಸಿ ತೋರಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾಚ್ ಮತ್ತು ಸ್ಲ್ಯಾಕ್. ಇದು ಮೂರನೆಯ ತರಗತಿಗೆ ಹೆಚ್ಚಾಯಿತು, ಅಣ್ಣನಿಗೆ ಇರಲಿ.

ಪ್ರಶ್ನೆ ಕೇಳಿದವರು: ಎಳ್ಳುಬೆಲ್ಲ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಉಸಿರಿನ ಉತ್ತರವನ್ನು ಹೇಳಿದಾಗ ಮಗಳು ನಿರೀಕ್ಷಿಸಿದಂತೆಯೇ ನಂಬಲಿಲ್ಲ, ಹೀಗಾಗಿ ಭಾನುವಾರ ಪ್ರಯೋಗಕ್ಕೆ ಕುಳಿತೆವು. ಮೊದಲ ಸಲ ನಮ್ಮ ಅತ್ತೆಯವರ ಎಲೆತಟ್ಟೆಯ ಡಬ್ಬಿಯಲ್ಲಿ ಒಣಗಿ ಹೋಗಿದ್ದ ಸುಣ್ಣವನ್ನು ಬಳಸಿದ್ದರಿಂದಲೋ ಏನೋ, ಎಷ್ಟು ಊದಿದರೂ ನೀರು ತಿಳಿಯಾಗಿಯೇ ಇತ್ತು, ಅಣ್ಣ ತನ್ನ ಕಕ್ಕಸಿನ ಸಿದ್ಧಾಂತವೇ ಗೆದ್ದಿತೆಂದು ಕುಣಿದ. ಅಂಗಡಿಯಿಂದ ಹೊಸ ಸುಣ್ಣವನ್ನು ತಂದು ಮರುದಿನ ಮಾಡಿದಾಗ ನೀರು ಬೆಳ್ಳಗಾಯಿತು. ಮೂರು ಅಂತಸ್ತಿನ ಮೆಟ್ಟಿಲನ್ನು ಓಡಿ ಹತ್ತಿ ಇಳಿದು ಬಂದು ಊದಿದರೆ ಇನ್ನೂ ಬೇಗ ಬೆಳ್ಳಗಾಗುವುದನ್ನೂ ಇಬ್ಬರೂ ಕಂಡುಕೊಂಡರು.

ಆದರೆ ಈಗ ಹೊಸ ಜಗಳ ಎದ್ದಿದೆ. ಅಣ್ಣ ಲೋಟದ ತಳದಲ್ಲಿ ಸ್ವಲ್ಪವೇ ಸುಣ್ಣದ ತಿಳಿಯನ್ನು ಇಟ್ಟುಕೊಂಡು, ಅದಕ್ಕೆ ನೀರು ಬೆರೆಸಿ, ನಡುನಡುವೆ ಸುಧಾರಿಸಿಕೊಳ್ಳುತ್ತಾ ಬಹಳ ಹೊತ್ತು ಊದುತ್ತಲೇ ಇದ್ದ. ಬೆಳ್ಳಗಾಗಿದ್ದ ನೀರು ಮತ್ತೆ ಹೆಚ್ಚುಕಡಿಮೆ ತಿಳಿಯಾಯಿತು. ಅವನು ಕದ್ದು ನೀರನ್ನು ಬದಲಾಯಿಸಿದ್ದಾನೆ ಎಂದು ತಂಗಿಯ ದೂರು. ನಾನು ಅಡುಗೆಮನೆಯಲ್ಲಿದ್ದೆ, ಸಾಕ್ಷಿ ಹೇಳಲಾರೆ.

ಉತ್ತರ: ಸೀಮೆಸುಣ್ಣ

ಹುಡುಗ ನಿರಪರಾಧಿ. ಮೊದಲು ಊದಿದ ಉಸಿರು ಕರಗದ ಬಿಳಿ ಪುಡಿಯನ್ನು ಹುಟ್ಟಿಸುತ್ತದೆ. ಅದರ ಮೇಲೂ ಊದುತ್ತಾ ಹೋದರೆ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ಆ ಪುಡಿಯನ್ನು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಎಂಬ ಕರಗುವ ಪದಾರ್ಥವಾಗಿ ಬದಲಾಯಿಸುತ್ತದೆ, ಆಗ ನೀರು ತಿಳಿಯಾಗುತ್ತದೆ. ಡಬ್ಬಿಯ ಹಳೆಯ ಸುಣ್ಣ ಕೆಲಸ ಮಾಡದೆ ಹೋದದ್ದೂ ಇದೇ ಕತೆಯ ಇನ್ನೊಂದು ಮುಖ: ಮುಚ್ಚಳ ಸಡಿಲವಾಗಿದ್ದ ಅಷ್ಟು ದಿನಗಳಲ್ಲಿ ಅದು ಮನೆಯ ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆಗಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಟ್ಟಿತ್ತು. ಓಡಿ ಬಂದಾಗ ಬೇಗ ಬೆಳ್ಳಗಾದದ್ದಕ್ಕೆ ಕಾರಣ, ಕಾಲಿನ ಸ್ನಾಯುಗಳು ಹೆಚ್ಚು ಸಕ್ಕರೆಯನ್ನೂ ಕೊಬ್ಬನ್ನೂ ಉರಿಸಿ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಬಿಟ್ಟದ್ದು ಮತ್ತು ಉಸಿರಾಟ ರಭಸವಾದದ್ದು.

ತಂಗಿಗೆ ಪುರಾವೆ ಬೇಕೆಂದರೆ, ಅಣ್ಣನ ತಿಳಿಯಾದ ನೀರನ್ನು ಒಂದು ಸ್ಟೀಲ್ ಪಾತ್ರೆಗೆ ಹಾಕಿ ನೀವೇ ಒಲೆಯ ಮೇಲಿಟ್ಟು ಕುದಿಸಿ ತೋರಿಸಿ. ಕಾವಿಗೆ ಹೆಚ್ಚುವರಿ ಗಾಳಿ ಹೊರಟುಹೋಗಿ ಬಿಳುಪು ಮತ್ತೆ ಕಾಣಿಸಿಕೊಳ್ಳಬೇಕು. ನಲ್ಲಿಯ ನೀರನ್ನು ಬದಲಾಯಿಸಿ ಇಟ್ಟಿದ್ದರೆ ಅಷ್ಟು ಬಿಳುಪು ಬರುವುದಿಲ್ಲ, ಆದರೆ ನಿಮ್ಮದು ಕೊಳವೆಬಾವಿಯ ಗಡಸು ನೀರಾಗಿದ್ದರೆ ಈ ಪುರಾವೆ ನಡೆಯದು. ಸ್ನಾನದ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೂ ಇದೇ ಪದಾರ್ಥ. ಮಳೆಯ ನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರಿನಿಂದ ಸುಣ್ಣದ ತಿಳಿಯನ್ನು ಮಾಡಿ, ಈ ಸಲ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊದಲು ಹೇಳಿ.